ಬೋರ್ಡು ಪರಿಚಿತ, ತವೆ ಬೇರೆ

ಪರದೇಶದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಬೋರ್ಡು ಕಂಡರೆ ನಮ್ಮವರಿಗೆ ನೆಂಟರ ಮನೆ ಕಂಡಷ್ಟು ಖುಷಿ. ಜಗತ್ತೇ ಒಂದು ಊರಾಯಿತೆಂದು ಹಿಗ್ಗುವ ವಿದ್ಯಾವಂತರಿಗೆ ಇದೇ ಸಾಕ್ಷಿ. ಎಂಥ ಸಾಕ್ಷಿ! 1996ರಲ್ಲಿ ದಿಲ್ಲಿಗೆ ಬಂದಾಗ ಆ ಕಂಪೆನಿ ದನದ ಮಾಂಸ ಬಿಟ್ಟು ಕುರಿಮಾಂಸದ 'ಮಹಾರಾಜ'ನನ್ನು ಮಾರಿತು. ಸೌದಿಯಲ್ಲಿ ಅದರ ಬಿಗ್ ಮ್ಯಾಕ್ ದನದ್ದೇ. 2003ರಲ್ಲಿ ಅರಬರ ರೊಟ್ಟಿಯ 'ಮ್ಯಾಕ್‌ಅರೇಬಿಯಾ' ಹುಟ್ಟಿತು. ಇದನ್ನು ಸಂಸ್ಕೃತಿಗೆ ಕೊಟ್ಟ ಗೌರವ ಎನ್ನುತ್ತಾರೆ. ಅಲ್ಲ ಸ್ವಾಮಿ, ಇದು ಗಿರಾಕಿಗಳ ತಲೆ ಎಣಿಸುವ ಲೆಕ್ಕ. ಹೊರಗಿನಿಂದ ದುಡಿಯಲು ಬಂದವನು ಆ ಲೆಕ್ಕದಲ್ಲಿ ಕೊನೆಯವನು.

ಜಿದ್ದಾದಲ್ಲಿ ಅಂಥದೇ ಒಂದು ಪರಿಚಿತ ಬೋರ್ಡಿನಡಿ ನನ್ನ ಧಾರವಾಡದ ಸಹೋದ್ಯೋಗಿ ಆಸೆಯಿಂದ ಸಾಲಿನಲ್ಲಿ ನಿಂತಿದ್ದರು. ದನದ್ದು ಎಂದೆ. 'ಬೆಂಗ್ಳೂರಾಗ ಇದನ್ನ ತಿಂದೀನಲ್ರೀ ಸಾಹೇಬ್ರ!' ಮುಖ ಬಾಡಿತು. ಕೋಳಿಯದೂ ಇದೆ ಎಂದರೆ, 'ಒಲಿ ಒಂದ ಅಲ್ಲೇನ್ರೀ' ಎಂದರು.

ಪಕ್ಕದ ಗಲ್ಲಿಯ ಮಲಯಾಳಿ ಕೆಫೆಟೇರಿಯಾಕ್ಕೆ ಹೋದೆವು. ಅಲ್ಲೂ ಬೀಫ್ ಇತ್ತು, ಸುಳ್ಳೇಕೆ ಹೇಳಲಿ. ವಿಷಯ ಕೇಳಿದ ಕಾಕಾ ಇನ್ನೊಂದು ತವೆ ತೆಗೆದು, ಇವರಿಗೆ ಕಾಣುವಂತೆಯೇ ಉಜ್ಜಿ ತೊಳೆದು, ಪರೋಟ ಮತ್ತು ಮೊಟ್ಟೆ ಬೇಯಿಸಿ ಕೊಟ್ಟರು. ಅವರ ಬೋರ್ಡಿನ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು.