ಅತ್ತಿಗೆಯ ಕಥೆಗಳು ಮತ್ತು ಒಂದು ಟಿಕ್ ಮಾರ್ಕು

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ತಿಪಟೂರಿನಿಂದ ಅತ್ತಿಗೆಯ ಫೋನು. "ಒಂದು ಟಿಕ್ ಹಾಕೋ ವಿಷ್ಯ ಕೇಳ್ಬೇಕಿತ್ತು ಕಣೇ. ಹೌದು ಅಂತ ಒತ್ತಲೋ, ಇಲ್ಲ ಅಂತ ಒತ್ತಲೋ?"

ಅತ್ತಿಗೆ ಮೊದಲು ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಮ್ಮಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಕೆಲಸ ಬಿಟ್ಟರು. ಮಗಳಾದ ನಾನು ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀನಿ, ಸೊಸೆಯಾದ ಅವರು ಅಮ್ಮನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡ್ತಿದ್ದಾರೆ. ಎರಡು ವರ್ಷದಿಂದ, ಮಧ್ಯಾಹ್ನ ಅಮ್ಮ ಮಲಗಿದ ಮೇಲೆ, ಹಿಂದಿನ ಕೋಣೆಯ ಕಿಟಕಿ ಪಕ್ಕ ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿಕೊಂಡು ಪುಟ್ಟ ಮಕ್ಕಳಿಗೆ ಕಥೆ ಹೇಳಿ ಯೂಟ್ಯೂಬ್‌ಗೆ ಹಾಕುತ್ತಾರೆ. ಕಾಗಕ್ಕ ಗುಬ್ಬಕ್ಕನ ಕಥೆ, ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂದುಕೊಂಡಿದ್ದ ಅಜ್ಜಿ ಕಥೆ, ಅಂಥವು.

ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಚಂದಾದಾರರು ಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು. ಕಿರು ವಿಡಿಯೊಗಳಿಗೆ ಬೇರೆ ಲೆಕ್ಕ. ಅತ್ತಿಗೆ ಹೋದ ತಿಂಗಳು ಆ ಗೆರೆ ದಾಟಿದರು. ಕೆಲಸ ಬಿಟ್ಟ ಮೇಲೆ ಅವರ ಸ್ವಂತದ್ದು ಅಂತ ಬರಬಹುದಾದ ಮೊದಲ ದುಡ್ಡು ಅದು. ಅಷ್ಟರಲ್ಲಿ ಪರಿಚಯದ ಹುಡುಗನೊಬ್ಬ ಸಲಹೆ ಕೊಟ್ಟಿದ್ದಾನೆ. "ಪ್ರತಿ ವಿಡಿಯೊ ಹಾಕುವಾಗ ಇದು ಮಕ್ಕಳಿಗಾಗಿ ಮಾಡಿದ್ದಾ ಅಂತ ಕೇಳುತ್ತಲ್ಲ ಆಂಟಿ, ಇನ್ಮೇಲೆ ಇಲ್ಲ ಅಂತ ಹಾಕಿ. ಹೌದು ಅಂದ್ರೆ ದುಡ್ಡು ಬರಲ್ಲ."

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ನನಗೆ ತಕ್ಷಣ ಉತ್ತರ ಹೇಳಲು ಬಾಯಿ ಬರಲಿಲ್ಲ.

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ 1998ರಲ್ಲಿ ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣೆಗೆ ಒಂದು ಕಾಯ್ದೆ ಬಂತು. ಅದರ ಹೆಸರನ್ನು ಚಿಕ್ಕದಾಗಿ ಕೊಪ್ಪಾ ಅಂತಾರೆ. (ನಮ್ಮ ಮಲೆನಾಡಿನ ಕೊಪ್ಪಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ!) 13 ವರ್ಷಕ್ಕಿಂತ ಚಿಕ್ಕ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು ಅನ್ನುವುದು ಅದರ ತಿರುಳು. ಮೊದಲು ಮಾಹಿತಿ ಅಂದರೆ ಹೆಸರು, ವಿಳಾಸ, ಫೋನ್ ನಂಬರು ಇಂಥವು ಅಂತಿತ್ತು. 2013ರಲ್ಲಿ ನಿಯಮ ತಿದ್ದಿ, ಫೋನು, ಕಂಪ್ಯೂಟರುಗಳನ್ನು ಗುರುತು ಹಿಡಿಯುವ ಕುಕೀಯಂಥ ಸಂಕೇತಗಳನ್ನೂ ಸೇರಿಸಿದರು.

ಈ ತಿದ್ದುಪಡಿಯ ಬಿಸಿ ಯೂಟ್ಯೂಬ್‌ಗೆ ತಟ್ಟಿದ್ದು ತಡವಾಗಿ. 2018ರಲ್ಲಿ 20ಕ್ಕೂ ಹೆಚ್ಚು ಸಂಘಟನೆಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟವು. ಆಟಿಕೆ ಕಂಪನಿಗಳ ಮುಂದೆ 'ಮಕ್ಕಳನ್ನು ತಲುಪಲು ನಮ್ಮನ್ನು ಬಿಟ್ಟರಿಲ್ಲ' ಎಂಬ ಧಾಟಿಯಲ್ಲಿ ಮಾತಾಡಿ, ಕಾನೂನಿನ ವಿಷಯ ಬಂದಾಗ 'ನಮ್ಮದು ದೊಡ್ಡವರ ತಾಣ' ಎಂದಿದ್ದಾರೆ ಅನ್ನುವುದು ಕಮಿಷನ್‌ನ ಆರೋಪದ ಸಾರ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡವು. 2020ರ ಜನವರಿಯಿಂದ ಪ್ರತಿ ವಿಡಿಯೊಗೂ 'ಮಕ್ಕಳಿಗಾಗಿ ಮಾಡಿದ್ದೇ?' ಎಂಬ ಪ್ರಶ್ನೆ ಬಂತು. ಅಮೆರಿಕದ ಕಾನೂನಾದರೂ ಯೂಟ್ಯೂಬ್ ಅದನ್ನು ಜಗತ್ತಿಗೆಲ್ಲ ಹಾಕಿತು. ಹಾಗಾಗಿ ಅದು ತಿಪಟೂರಿನ ಅಕ್ಕಿ ಡಬ್ಬಿಯ ತನಕ ಬಂದಿದೆ.

'ಹೌದು' ಅಂದರೆ ಆಗುವುದೇನು? ಆ ವಿಡಿಯೊದಲ್ಲಿ ನೋಡುಗರ ಅಭ್ಯಾಸ ಅಳೆದು ತೋರಿಸುವ ಜಾಹೀರಾತು ನಿಲ್ಲುತ್ತದೆ. ಕಾಮೆಂಟ್ ಇರಲ್ಲ. ಗಂಟೆ ಗುಂಡಿ ಕೆಲಸ ಮಾಡಲ್ಲ. ವಿಡಿಯೊ ಕೊನೆಯಲ್ಲಿ ಮುಂದಿನ ಕಥೆಯ ಚೌಕ ಹಾಕಲಾಗದು. ಚಾನೆಲ್ಲೇ ಮಕ್ಕಳದ್ದಾದರೆ ದುಡ್ಡು ಕೊಟ್ಟು ಸದಸ್ಯರಾಗುವ ಸೌಲಭ್ಯವೂ ಇಲ್ಲ. ಉಳಿಯುವುದು ವಿಡಿಯೊದ ವಿಷಯ ನೋಡಿ ಹಾಕುವ ಸಾದಾ ಜಾಹೀರಾತು, ಪ್ರೀಮಿಯಂ ಚಂದಾದ ಚೂರು ಪಾಲು.

ಸಾದಾ ಜಾಹೀರಾತಿಗೆ ಕಮ್ಮಿ ದುಡ್ಡು ಯಾಕೆ? ನಮ್ಮೂರಲ್ಲಿ ಕೊಬ್ಬರಿ ಹರಾಜು ನೋಡಿದವರಿಗೆ ಇದು ಸುಲಭ. ಚೀಲ ಬಿಚ್ಚಿ, ಹೋಳು ಮುರಿದು, ಬಣ್ಣ ನೋಡಿದ ವ್ಯಾಪಾರಿ ಧೈರ್ಯವಾಗಿ ರೇಟು ಕೂಗುತ್ತಾನೆ. ಹೊಲಿದ ಚೀಲಕ್ಕೆ ಯಾರೂ ಅಷ್ಟು ಕೂಗಲ್ಲ. ಯೂಟ್ಯೂಬ್ ಜಾಹೀರಾತಿನ ಜಾಗವೂ ಹರಾಜಿನಲ್ಲೇ ಹೋಗುತ್ತದೆ. ಈ ಮನೆಯವರು ಮೊನ್ನೆ ವಾಷಿಂಗ್ ಮೆಷಿನ್ ಹುಡುಕಿದ್ದರು ಅಂತ ಗೊತ್ತಿದ್ದರೆ ಒಂದು ರೇಟು, ಏನೂ ಗೊತ್ತಿಲ್ಲದಿದ್ದರೆ ಇನ್ನೊಂದು. ಮಕ್ಕಳ ವಿಡಿಯೊ ಈಗ ಹೊಲಿದ ಚೀಲ.

ಇದರ ಪರಿಣಾಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ನಿಯಮ ಬಂದ ಮೇಲೆ ಮಕ್ಕಳ ಚಾನೆಲ್‌ಗಳು ಹೊಸ ವಿಡಿಯೊ ಮಾಡುವುದು ಶೇ 13ರಷ್ಟು ಕಡಿಮೆಯಾಯಿತು, ನೋಡುವುದು ಶೇ 22ರಷ್ಟು ಕುಸಿಯಿತು. ಇನ್ನೊಂದು ಅಂಶ ನನ್ನನ್ನು ಹೆಚ್ಚು ಚುಚ್ಚಿತು. ಉಳಿದ ವೀಕ್ಷಣೆ ದೊಡ್ಡ ದೊಡ್ಡ ಚಾನೆಲ್‌ಗಳ ಕಡೆಗೇ ಇನ್ನಷ್ಟು ವಾಲಿತು. ಹೆಸರು ಮಾಡಿದ ಚಾನೆಲ್ಲನ್ನು ಮಕ್ಕಳು ಹುಡುಕಿಕೊಂಡು ಹೋಗುತ್ತವೆ. ಕಾಮೆಂಟಿಲ್ಲದೆ, ಗಂಟೆಯಿಲ್ಲದೆ ಅತ್ತಿಗೆಯಂಥವರು ಕಣ್ಣಿಗೆ ಬೀಳುವುದು ಹೇಗೆ?

ಇಷ್ಟು ಓದಿದ ಮೇಲೆ 'ಹಾಗಾದ್ರೆ ಈ ನಿಯಮವೇ ಬೇಡ' ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸುತ್ತಿತ್ತು, ನನ್ನ ಮೊದಲ ಕೆಲಸ ನೆನಪಾಗದೇ ಹೋಗಿದ್ದರೆ.

ಇಂಜಿನಿಯರಿಂಗ್ ಮುಗಿಸಿ ಸೇರಿದ ಕಂಪನಿಯಲ್ಲಿ ನನ್ನನ್ನು ಜಾಹೀರಾತಿನ ತಂಡಕ್ಕೆ ಹಾಕಿದ್ದರು. ನಮ್ಮ ಟೇಬಲ್ಲುಗಳಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಪ್ರತಿ ಫೋನಿಗೊಂದು ಉದ್ದನೆ ಸಂಖ್ಯೆ, ಅದರ ಮುಂದೆ ಸಾಲು ಸಾಲು ಅಭ್ಯಾಸಗಳು. ಒಂದು ದಿನ ತಪ್ಪು ಹುಡುಕುವಾಗ ಒಂದೇ ಸಂಖ್ಯೆಯ ಸಾಲುಗಳನ್ನು ಓದುತ್ತಾ ಹೋದೆ. ಹಗಲೆಲ್ಲ ಆಫೀಸಿನ ಇಮೇಲು, ಬಾಡಿಗೆ ಮನೆ ಹುಡುಕಾಟ. ಸಂಜೆ ಏಳಕ್ಕೆ ಸರಿಯಾಗಿ ಬಣ್ಣ ತುಂಬುವ ಆಟ, ನಲವತ್ತು ನಿಮಿಷ. ಮಾರನೇ ದಿನವೂ ಏಳಕ್ಕೆ, ಮತ್ತೆ ಅದೇ ಆಟ. ಅಮ್ಮ ಅಡುಗೆಗೆ ನಿಂತಾಗ ಮಗು ಫೋನು ತಗೊಂಡಿದೆ ಅಂತ ಗೊತ್ತಾಗಲು ಹೆಸರು ಬೇಕೇ? ಆ ಮಗು ಯಾವ ಬಣ್ಣದ ಹತ್ತಿರ ಎಷ್ಟು ಹೊತ್ತು ನಿಂತಿತು ಅನ್ನುವುದೂ ಅಲ್ಲಿತ್ತು. ನಾನು ತಪ್ಪು ಸರಿಪಡಿಸಿ ಮನೆಗೆ ಹೋದೆ. ಏನೋ ಕಸಿವಿಸಿ ಆಯ್ತು, ಆದರೆ ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ.

ಜಾತ್ರೆಯಲ್ಲಿ ಬಲೂನಿನವನು ಮಕ್ಕಳಿರುವ ಕಡೆ ಹೋಗಿ ಪೀಪಿ ಊದುತ್ತಾನೆ. ಅದು ವ್ಯಾಪಾರ, ತಪ್ಪೇನಿಲ್ಲ. ಅದೇ ಬಲೂನಿನವನು ನಮ್ಮ ಮಗುವಿನ ಹಿಂದೆ ಮನೆ ತನಕ ಬಂದು, ಅದು ಎಷ್ಟು ಗಂಟೆಗೆ ಮಲಗುತ್ತೆ, ಯಾವುದಕ್ಕೆ ಅಳುತ್ತೆ ಅಂತ ಚೀಟಿಯಲ್ಲಿ ಬರೆದುಕೊಂಡರೆ? ಊರವರು ಸುಮ್ಮನೆ ಬಿಡ್ತಾರಾ? ನಿಯಮ ನಿಲ್ಲಿಸಿದ್ದು ಪೀಪಿಯನ್ನಲ್ಲ, ಚೀಟಿಯನ್ನು.

ಹಾಗಂತ ಚೀಟಿ ಬರೆದಿದ್ದು ಅತ್ತಿಗೆಯೂ ಅಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಮಾಹಿತಿ ಕೂಡಿಟ್ಟಿದ್ದು ವೇದಿಕೆ, ಅದರಿಂದ ಹೆಚ್ಚು ರೇಟು ಪಡೆದಿದ್ದೂ ವೇದಿಕೆ. ವಿಡಿಯೊ ಮಾಡುವವರಿಗೆ ಸಿಗುವುದು ಆ ಜಾಹೀರಾತಿನ ಶೇ 55. ದಂಡ ಕಟ್ಟಿದ್ದೇನೋ ಕಂಪನಿಯೇ. ಆದರೆ ಮುಂದಿನ ಹೊಣೆ ಒಂದು ಟಿಕ್ ಮಾರ್ಕಿನ ರೂಪದಲ್ಲಿ ಪ್ರತಿಯೊಬ್ಬ ವಿಡಿಯೊ ಮಾಡುವವರ ತಲೆ ಮೇಲೆ ಬಂತು. ಒಂದೊಂದು ಉಲ್ಲಂಘನೆಗೆ 42,530 ಡಾಲರ್ ತನಕ ದಂಡ ಹಾಕಬಹುದು ಎಂಬ ಮಾತು 2019ರಲ್ಲಿ ಹರಡಿದಾಗ, ಮನೆಯಲ್ಲಿ ಕೂತು ವಿಡಿಯೊ ಮಾಡುವವರು ಎಷ್ಟು ಹೆದರಿರಬೇಡ! ಮಕ್ಕಳ ಒಳ್ಳೆಯ ವಿಡಿಯೊಗಳಿಗೆಂದು ಯೂಟ್ಯೂಬ್ ಮೂರು ವರ್ಷಕ್ಕೆ 10 ಕೋಟಿ ಡಾಲರ್ ನಿಧಿ ತೆಗೆದಿಡುತ್ತೇವೆ ಅಂತ ಆಗಲೇ ಹೇಳಿತ್ತು. ಆದರೆ ನಿಧಿಗೆ ಆಯ್ಕೆಯಾಗುವವರು ಕೆಲವರು, ಆದಾಯ ಕಮ್ಮಿಯಾಗುವುದು ಎಲ್ಲರಿಗೂ.

ಹಾಗಿದ್ದರೆ 'ಇಲ್ಲ' ಅಂತ ಒತ್ತಿ ತಪ್ಪಿಸಿಕೊಳ್ಳಬಹುದಾ? ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಮಕ್ಕಳ ಕೆಲವು ವಿಡಿಯೊಗಳಿಗೆ 'ಮಕ್ಕಳಿಗಾಗಿ' ಎಂಬ ಗುರುತು ಹಾಕಿರಲಿಲ್ಲ ಎಂಬ ಆರೋಪದಲ್ಲಿ ಡಿಸ್ನಿ ಕಂಪನಿ 2025ರಲ್ಲಿ 1 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಸಣ್ಣವರ ವಿಡಿಯೊಗಳನ್ನು ಯೂಟ್ಯೂಬ್‌ನ ಯಂತ್ರವೇ ಗುರುತಿಸಿ 'ಮಕ್ಕಳಿಗಾಗಿ' ಅಂತ ಬದಲಿಸಬಹುದು. ಆಗ ನಾವಾಗಿ ಬದಲಿಸಲು ಬರಲ್ಲ, ಮೇಲ್ಮನವಿ ಹಾಕಬೇಕಷ್ಟೆ.

ಇದು ಅಮೆರಿಕದವರ ತಲೆನೋವು ಅಂತ ನಾವು ಕೂರುವ ಹಾಗೂ ಇಲ್ಲ. ನಮ್ಮದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರ 9ನೇ ಸೆಕ್ಷನ್ ಪ್ರಕಾರ ಮಕ್ಕಳ ವರ್ತನೆಯನ್ನು ಹಿಂಬಾಲಿಸುವುದು, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ತಪ್ಪಿದರೆ 200 ಕೋಟಿ ರೂಪಾಯಿ ತನಕ ದಂಡ. ಇಲ್ಲಿ ಮಗು ಅಂದರೆ 13 ಅಲ್ಲ, 18 ತುಂಬದವರೆಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಹಾಗಾಗಿ ಅತ್ತಿಗೆಯ ಪ್ರಶ್ನೆ ನಾಳೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುವ ಮೇಷ್ಟ್ರಿಗೂ ಬರಬಹುದು.

ಅತ್ತಿಗೆಗೆ ನಾನು ಹೇಳಿದ್ದು ಇಷ್ಟು. ಕಾಗಕ್ಕ ಗುಬ್ಬಕ್ಕನಿಗೆ 'ಹೌದು' ಅಂತಲೇ ಒತ್ತಿ. ಆದರೆ ಎಲ್ಲದಕ್ಕೂ ಅಲ್ಲ. ವಿಡಿಯೊದಲ್ಲಿ ಮಗು ಕಾಣಿಸಿದ ಮಾತ್ರಕ್ಕೆ, ಬಣ್ಣ ಬಣ್ಣದ ಚಿತ್ರ ಇದ್ದ ಮಾತ್ರಕ್ಕೆ ಅದು ಮಕ್ಕಳ ವಿಡಿಯೊ ಆಗಲ್ಲ. ಯಾರಿಗೋಸ್ಕರ ಮಾಡಿದ್ದು ಅನ್ನುವುದು ಮುಖ್ಯ. ನರ್ಸರಿ ಟೀಚರಾಗಿ ನಿಮಗೆ ಗೊತ್ತಿರುವುದನ್ನು ದೊಡ್ಡವರಿಗೆ ಹೇಳಿ. ಊಟ ಮಾಡದ ಮಗುವಿಗೆ ಕಥೆ ಹೇಗೆ ಹೇಳಬೇಕು, ಹಳೇ ಬಟ್ಟೆಯಲ್ಲಿ ಕೈಗೊಂಬೆ ಹೇಗೆ ಮಾಡಬೇಕು. ಅದು ನಿಜವಾಗಿ ಅಮ್ಮಂದಿರಿಗೆ, ಟೀಚರ್‌ಗಳಿಗೆ ಮಾಡಿದ್ದು. ಅಲ್ಲಿ 'ಇಲ್ಲ' ಅಂತ ಒತ್ತಿದರೆ ಸುಳ್ಳಾಗಲ್ಲ, ಕಾಮೆಂಟೂ ಬರುತ್ತೆ, ದುಡ್ಡೂ ಸ್ವಲ್ಪ ಬರುತ್ತೆ.

ಅತ್ತಿಗೆ ಎಲ್ಲ ಕೇಳಿಸಿಕೊಂಡರು. "ಸರಿ ಕಣೇ. ಮಕ್ಕಳ ಕಥೇನ ಮಕ್ಕಳಿಗಲ್ಲ ಅಂತ ಬರೆಯೋಕೆ ನಂಗೂ ಕೈ ಬರ್ತಿರ್ಲಿಲ್ಲ. ಆದ್ರೆ ಒಂದು ಹೇಳು. ಅಡುಗೆ ತೋರ್ಸೋಳಿಗೆ ಜಾಸ್ತಿ, ಕಥೆ ಹೇಳೋಳಿಗೆ ಕಮ್ಮಿ. ಇದು ಯಾವ ನ್ಯಾಯ?"

ನ್ಯಾಯ ಅಲ್ಲ, ಅತ್ತಿಗೆ. ಮಕ್ಕಳನ್ನು ಕಾಯುವುದು ಎಲ್ಲರ ಕೆಲಸ ಅಂತೀವಿ. ಅದರ ಖರ್ಚು ಮಾತ್ರ ಮಕ್ಕಳಿಗಾಗಿ ದುಡಿಯುವವರ ಸಂಬಳದಲ್ಲಿ ಕಡಿತ ಆಗುತ್ತೆ. ಮಕ್ಕಳ ವಿಡಿಯೊಗಳಿಗೆ ವೇದಿಕೆ ತನ್ನ ಪಾಲಿನಲ್ಲಿ ಒಂದಿಷ್ಟು ಬಿಟ್ಟುಕೊಡಲಿ ಅಂತ ನಾವು ಕೇಳಬಹುದು. ನಮ್ಮ ಹೊಸ ಕಾಯ್ದೆ ಪೂರ್ತಿ ಜಾರಿಯಾಗುವ ಮುಂಚೆಯೇ ಕೇಳಿದರೆ ಒಳ್ಳೆಯದು. ಅಲ್ಲಿಯ ತನಕ ನಮ್ಮ ಕೈಲಾಗುವುದು ಸಣ್ಣದು. ನಿಮ್ಮ ಮನೆ ಮಗು ನೋಡುವ ಕನ್ನಡ ಕಥೆಯ ಚಾನೆಲ್ ಯಾರದ್ದು ಅಂತ ಒಮ್ಮೆ ನೋಡಿ. ಅಲ್ಲಿ ಕಾಮೆಂಟ್ ಹಾಕಲಾಗದು, ಆದರೆ ಇನ್ನೊಬ್ಬ ಅಮ್ಮನಿಗೆ ಅದರ ಹೆಸರು ಹೇಳಬಹುದು. ಶಾಲೆಯ ಕಾರ್ಯಕ್ರಮಕ್ಕೆ ಕಥೆ ಹೇಳಲು ಅಂಥವರನ್ನು ಕರೆದು ಗೌರವಧನ ಕೊಡಬಹುದು.

ಮೊನ್ನೆ ಊರಿಗೆ ಹೋಗುವಾಗ ಅತ್ತಿಗೆಗೆ ಒಂದು ಮೈಕು ತಗೊಂಡು ಹೋದೆ. "ಇದ್ಯಾಕೆ ಖರ್ಚು ಮಾಡ್ದೆ?" ಅಂತ ಬೈದರು. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಶುರುವಾಯಿತು. ಅಜ್ಜಿ ಕೋಳಿ ಬಗಲಲ್ಲಿಟ್ಟುಕೊಂಡು ಊರು ಬಿಟ್ಟು ಹೋಗುವ ಜಾಗ ಬಂದಾಗ, ಪಕ್ಕದ ಕೋಣೆಯಿಂದ ಅಮ್ಮ ತೊದಲುತ್ತಾ ಕೇಳಿದರು, "ಆಮೇಲೆ?"

ಅತ್ತಿಗೆ ಆ ದನಿಯನ್ನು ಕತ್ತರಿಸಲಿಲ್ಲ. ಹಾಗೇ ಹಾಕಿದರು, 'ಹೌದು' ಅಂತ ಟಿಕ್ ಮಾಡಿ.