ಮಾರಯ್ಯನ ಅಕ್ಕಿ ಮತ್ತು ಎಪ್ಪತ್ತು ಗಂಟೆಯ ವಾರ

ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ಎದ್ದ ವಿವಾದ ಇನ್ನೂ ತಣ್ಣಗಾಗಿಲ್ಲ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನಲ್ಲಿ ಅದು 90 ಗಂಟೆಗೆ ಏರಿತು. ಭಾನುವಾರ ಕೆಲಸ ಮಾಡಿಸಲು ಆಗುತ್ತಿಲ್ಲವಲ್ಲ ಎಂದು ಅವರು ವಿಷಾದಿಸಿದರು, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದರು. ಈ ಮಾತುಗಳಿಗೆ ಬಂದ ಆಕ್ಷೇಪಗಳು ಹೆಚ್ಚಾಗಿ ಆರೋಗ್ಯ, ಸಂಬಳ, ಸಂಸಾರದ ಸುತ್ತಲೇ ಇದ್ದವು. ಅವೆಲ್ಲ ನ್ಯಾಯವಾದ ಆಕ್ಷೇಪಗಳೇ. ಆದರೆ ನನಗೆ ಅದಕ್ಕಿಂತ ಹೆಚ್ಚಿನ ಕಳವಳ ತಂದಿರುವುದು ಈ ದುಡಿಮೆಯನ್ನು ಕೇಳುವ ಭಾಷೆ. ವ್ಯಾಪಾರದ ಬೇಡಿಕೆಯೊಂದು ಭಕ್ತಿಯ ಮಾತಿನಲ್ಲಿ ಬರುತ್ತಿದೆ. ತ್ಯಾಗ, ಸಮರ್ಪಣೆ, ರಾಷ್ಟ್ರ ನಿರ್ಮಾಣ ಎಂದೆಲ್ಲ ಶುರುವಾದದ್ದು ಕರ್ನಾಟಕದಲ್ಲಂತೂ ಕೊನೆಗೆ ಬಂದು ನಿಲ್ಲುವುದು ಕಾಯಕದ ಬಳಿ. ತಾನು ಯಾವುದಕ್ಕಾಗಿ ಬದುಕಬೇಕು ಎಂದು ಹುಡುಕಿಕೊಳ್ಳಲು ಮನುಷ್ಯನಿಗೆ ಬೇಕಾದ ಹೊತ್ತನ್ನು ಕಸಿದುಕೊಂಡು, ಆ ಹುಡುಕಾಟದ ಹೆಸರನ್ನೇ ಕಂಪನಿಯ ಕೆಲಸಕ್ಕೆ ಅಂಟಿಸುವುದು ಅನ್ಯಾಯ. ಕಾಯಕದ ಪರಂಪರೆಯನ್ನು ಅದಕ್ಕೆ ಸಾಕ್ಷಿ ಕರೆಯುವುದು ಇನ್ನೂ ದೊಡ್ಡ ಅನ್ಯಾಯ.

ಕಾಯಕವೇ ಕೈಲಾಸ ಎಂಬ ಮಾತನ್ನು ಬಹುಪಾಲು ಜನ ಬಸವಣ್ಣನವರದೆಂದೇ ತಿಳಿದಿದ್ದಾರೆ. ವಚನಗಳಲ್ಲಿ ಅದು ಸಿಗುವುದು ಆಯ್ದಕ್ಕಿ ಮಾರಯ್ಯನಲ್ಲಿ. ಇದು ಬರೀ ಪಾಂಡಿತ್ಯದ ತಕರಾರಾಗಿದ್ದರೆ ಇಲ್ಲಿ ಎತ್ತಬೇಕಿರಲಿಲ್ಲ; ಆ ಮಾತು ಯಾರ ಬದುಕಿನಿಂದ ಬಂತು ಎಂದು ನೋಡಿದರೆ ವಾದದ ದಿಕ್ಕೇ ಬದಲಾಗುತ್ತದೆ. ಮಾರಯ್ಯ–ಲಕ್ಕಮ್ಮ ದಂಪತಿ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳುಗಳನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಬೇಯಿಸಿ, ಜಂಗಮರಿಗೆ ನೀಡಿ, ತಾವೂ ಉಣ್ಣುವುದು ಆ ಮನೆಯ ಕ್ರಮ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಪರೀಕ್ಷಿಸಲೆಂದು ಬಸವಣ್ಣನವರೇ ಚೆಲ್ಲಿಸಿದ್ದರು ಎನ್ನುತ್ತದೆ ಕಥೆ. ಮಾರಯ್ಯ ಅಷ್ಟನ್ನೂ ಬಾಚಿ ಗಂಟು ಕಟ್ಟಿಕೊಂಡು ಬಂದ. ಆ ದಿನಕ್ಕೆ ಬೇಕಾದುದಕ್ಕಿಂತ ಅದು ಹೆಚ್ಚಿದೆ ಎಂದು ಲಕ್ಕಮ್ಮನಿಗೆ ನೋಡಿದೊಡನೆ ತಿಳಿಯಿತು. ಈ ಆಸೆ ನಿನಗೆ ಎಲ್ಲಿಂದ ಹತ್ತಿತು ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಾದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಲು ಅಟ್ಟಿದಳು. ದುಡಿಮೆಗೆ ಕೈಲಾಸದ ಪದವಿ ಕೊಟ್ಟ ಮನೆಯೊಳಗೆ ದುಡಿಮೆಯ ಫಲಕ್ಕೆ ಮಿತಿಯೊಂದಿತ್ತು. ಆ ಮಿತಿಯನ್ನು ಕಾಯುತ್ತಿದ್ದವಳು ಹೆಂಡತಿ. ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳುವ ಕಾಲದಲ್ಲಿ ಇದನ್ನು ನೆನಪಿಸಲೇಬೇಕಾಗಿದೆ.

ಲಕ್ಕಮ್ಮನ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಶೂನ್ಯಸಂಪಾದನೆಯಲ್ಲಿ ಮಾರಯ್ಯ ಅಲ್ಲಮಪ್ರಭುವಿನ ಜೊತೆ ಅನುಭಾವದ ಮಾತಿನಲ್ಲಿ ಮೈಮರೆತಾಗ, ಕೆಲಸ ನಿಂತಿದೆ ಹೋಗು ಎಂದು ಎಬ್ಬಿಸುವವಳೂ ಇದೇ ಲಕ್ಕಮ್ಮ. ಹಾಗಾದರೆ ಆಕೆ ಹೆಚ್ಚು ದುಡಿಮೆಯ ಪಕ್ಷದವಳೇ ಎಂದು ಯಾರಾದರೂ ಕೇಳಬಹುದು. ಎರಡೂ ಪ್ರಸಂಗಗಳನ್ನು ಒಟ್ಟಿಗೆ ಓದಿದರೆ ಉತ್ತರ ಸಿಗುತ್ತದೆ. ದೇವರ ಮಾತಿನ ನೆಪದಲ್ಲಿ ದುಡಿಮೆ ತಪ್ಪಿಸುವುದನ್ನೂ ಆಕೆ ಒಪ್ಪಲಿಲ್ಲ, ದುಡಿಮೆಯ ನೆಪದಲ್ಲಿ ಕೂಡಿಡುವುದನ್ನೂ ಒಪ್ಪಲಿಲ್ಲ. ಆಕೆ ಹಿಡಿದ ಅಳತೆಗೋಲು ದಾಸೋಹ. ಶರಣರ ಬದುಕಿನಲ್ಲಿ ಕಾಯಕ ಎಂದೂ ಒಂಟಿಯಾಗಿ ನಿಂತದ್ದಲ್ಲ. ದುಡಿದದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಸಮಾಜಕ್ಕೆ ಸಲ್ಲಬೇಕು ಎಂಬ ಶರತ್ತು ಅದರೊಂದಿಗೇ ಇತ್ತು. ಇವತ್ತು ಕಂಪನಿಗಳ ಮಾತಿನಲ್ಲಿ ಕಾಯಕ ಮಾತ್ರ ಉಳಿದಿದೆ, ದಾಸೋಹ ಬಿಟ್ಟುಹೋಗಿದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಚನಗಳನ್ನು ಬರೆದವರಲ್ಲಿ ಬಹಳ ಮಂದಿ ಕೈಕೆಲಸದವರು. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ, ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದ, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದ. ಹಗಲೆಲ್ಲ ದುಡಿಯುವ ಇವರಿಗೆ ಗೋಷ್ಠಿಗೆ ಬಂದು ಕೂರಲು, ಅಲ್ಲಮನಂಥವನ ಪ್ರಶ್ನೆಗಳಿಗೆ ತಲೆ ಕೊಡಲು, ಕಂಡುಕೊಂಡದ್ದನ್ನು ಮಾತಿನಲ್ಲಿ ಕಟ್ಟಲು ಹೊತ್ತು ಮತ್ತು ತ್ರಾಣ ಎರಡೂ ಉಳಿದಿದ್ದವು. ಜಾತಿಯ ಮೇಲೆ, ಅರಸೊತ್ತಿಗೆಯ ಮೇಲೆ, ಗುಡಿಯ ಮೇಲೆ ಪ್ರಶ್ನೆ ಎತ್ತುವ ಧೈರ್ಯ ಆ ಉಳಿದ ಹೊತ್ತಿನಲ್ಲೇ ಹುಟ್ಟಿತು. ವಾರಕ್ಕೆ 70 ಗಂಟೆ ಎಂದರೆ ಆರು ದಿನ ಹತ್ತಿರಹತ್ತಿರ ಹನ್ನೆರಡು ಗಂಟೆ. ಅದಕ್ಕೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕನ್ನು ಸೇರಿಸಿ. ಸಿಲ್ಕ್ ಬೋರ್ಡ್ ದಾಟಿ ರಾತ್ರಿ ಹತ್ತಕ್ಕೆ ಮನೆ ಸೇರಿದ ಇಪ್ಪತ್ತೈದರ ಹುಡುಗಿಯ ಮುಂದೆ ಉಳಿದಿರುವುದು ಊಟ, ಮೊಬೈಲು, ನಿದ್ದೆ. ನಾನು ಮಾಡುತ್ತಿರುವುದು ಸರಿಯೇ, ನನಗೆ ಒಲಿದದ್ದು ಇದೇನೇ ಎಂದು ಕೇಳಿಕೊಳ್ಳಲು ಒಂದು ಖಾಲಿ ಸಂಜೆಯಾದರೂ ಬೇಕು. ಅಂತರಂಗದ ಹುಡುಕಾಟ ಎಂದರೆ ಮುಖ್ಯವಾಗಿ ಇಂಥ ಪ್ರಶ್ನೆಗಳೇ. ಅವು ಆಯಾಸದಲ್ಲಿ ಏಳುವುದಿಲ್ಲ. ಎದ್ದರೂ ಮರುದಿನದ ಮೀಟಿಂಗಿನ ಹೊತ್ತಿಗೆ ಅಡಗಿಹೋಗುತ್ತವೆ.

ಮೂರ್ತಿಯವರು ತಾವು ಮಾಡದ್ದನ್ನು ಬೇರೆಯವರಿಗೆ ಹೇಳುತ್ತಿಲ್ಲ ಎಂಬುದು ಅವರ ಪರವಾದ ಮುಖ್ಯ ಸಮರ್ಥನೆ. ಅದು ನಿಜ. 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಶುರುವಾದ ಕಂಪನಿಗಾಗಿ ಅವರೂ ಅವರ ಜೊತೆಗಾರರೂ ಹಗಲಿರುಳು ದುಡಿದರು, ಮುಂದೆ ಸಾವಿರಾರು ನೌಕರರಿಗೆ ಷೇರು ಹಂಚಿದರು ಕೂಡ. ಆ ಗೌರವ ಅವರಿಗೆ ಸಲ್ಲಬೇಕು. ಆದರೆ ತಾನೇ ಕಟ್ಟಿದ ಕಂಪನಿಯಲ್ಲಿ, ತನ್ನದೇ ಷೇರಿಗಾಗಿ ದುಡಿದವನ ಗಂಟೆಗೂ, ಯಾರದೋ ಪ್ರಾಜೆಕ್ಟಿಗೆ ತಿಂಗಳ ಸಂಬಳಕ್ಕೆ ಕೂತವನ ಗಂಟೆಗೂ ಅಜಗಜಾಂತರ. ಮೊದಲನೆಯವನು ದಾರಿಯನ್ನು ತಾನೇ ಆರಿಸಿಕೊಂಡಿದ್ದ, ಫಲವೂ ಅವನದೇ. ಎರಡನೆಯವನ ಪಾಡನ್ನು ಕೇಂದ್ರ ಸರ್ಕಾರದ 2024–25ರ ಆರ್ಥಿಕ ಸಮೀಕ್ಷೆಯೇ ಹೇಳುತ್ತದೆ: 2023–24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿದಾಗ ಉದ್ಯೋಗ ಏರಿದ್ದು ಶೇ 1.5ರಷ್ಟು. ಲಾಭ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋದ ಕಾಲದಲ್ಲೂ ಸಂಬಳ ಅದರ ಹಿಂದೆ ಹೋಗಲಿಲ್ಲ ಎಂದು ಸಮೀಕ್ಷೆ ಕಳವಳಪಟ್ಟಿದೆ. ಐಟಿ ಸೇವಾ ಕಂಪನಿಗಳಲ್ಲಿ ಹೊಸದಾಗಿ ಸೇರುವವರ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಇದ್ದಲ್ಲೇ ಇರುವುದು ಬೆಂಗಳೂರಿನಲ್ಲಿ ಎಲ್ಲರಿಗೂ ತಿಳಿದ ವಿಷಯ. ಫಲವನ್ನು ಹಂಚದೆ ತ್ಯಾಗವನ್ನು ಮಾತ್ರ ಹಂಚುವುದಾದರೆ ಅದನ್ನು ಕಾಯಕ ಎನ್ನಲಾಗದು.

ದೇಶ ಮೊದಲು ಸಿರಿವಂತವಾಗಲಿ, ಆತ್ಮಶೋಧನೆ ಆಮೇಲೆ ಎನ್ನುವವರೂ ಇದ್ದಾರೆ. ಎರಡನೇ ಮಹಾಯುದ್ಧದ ನಂತರದ ಜರ್ಮನಿ ಮತ್ತು ಜಪಾನನ್ನು ಮೂರ್ತಿಯವರೂ ಉದಾಹರಿಸಿದ್ದರು. ಆ ದೇಶಗಳ ಪೂರ್ತಿ ಕಥೆ ಕೇಳಬೇಕು. ಯುದ್ಧ ಮುಗಿದು ಹನ್ನೊಂದು ವರ್ಷವೂ ಆಗಿರಲಿಲ್ಲ, 1956ರ ಮೇ ದಿನದಂದು ಪಶ್ಚಿಮ ಜರ್ಮನಿಯ ಕಾರ್ಮಿಕ ಸಂಘಗಳ ಒಕ್ಕೂಟ ವಾರಕ್ಕೆ ಐದು ದಿನ, 40 ಗಂಟೆ ಎಂಬ ಚಳವಳಿಯನ್ನು ಊರೂರಿಗೆ ಒಯ್ದಿತು. ಅದರ ಭಿತ್ತಿಪತ್ರದಲ್ಲಿದ್ದ ಪುಟ್ಟ ಹುಡುಗ ಶನಿವಾರದಂದು ಅಪ್ಪ ತನಗೆ ಬೇಕು ಎಂದು ಹಕ್ಕು ಸಾಧಿಸುತ್ತಿದ್ದ. ಇವತ್ತು ಅಭಿವೃದ್ಧಿ ಹೊಂದಿದ ದೇಶಗಳಲ್ಲಿ ವರ್ಷಕ್ಕೆ ಅತ್ಯಂತ ಕಡಿಮೆ ಗಂಟೆ ದುಡಿಯುವವರ ಸಾಲಿನಲ್ಲಿ ಜರ್ಮನರಿದ್ದಾರೆ. ಆ ದೇಶ ಬಡವಾಗಿಲ್ಲ. ಜಪಾನ್ ಬೇರೆ ದಾರಿ ಹಿಡಿಯಿತು. ಅತಿ ದುಡಿಮೆಯ ಸಾವಿಗೆ ಅಲ್ಲಿ ‘ಕರೋಶಿ’ ಎಂಬ ಹೆಸರೇ ಬಂತು, 2014ರಲ್ಲಿ ಅದನ್ನು ತಡೆಯಲೆಂದೇ ಕಾನೂನು ಬಂತು, 2018ರಲ್ಲಿ ಓವರ್‌ಟೈಮಿಗೆ ಮಿತಿ ಹಾಕಬೇಕಾಯಿತು. ಉತ್ಪಾದಕತೆ ಎಂದರೆ ಒಂದು ಗಂಟೆಯಲ್ಲಿ ಎಷ್ಟು ಹುಟ್ಟುತ್ತದೆ ಎಂಬ ಲೆಕ್ಕ. ಅದು ಒಳ್ಳೆಯ ಯಂತ್ರ, ತರಬೇತಿ, ರಸ್ತೆ, ಶಾಲೆ, ಆಡಳಿತದಿಂದ ಏರುತ್ತದೆ. ಗಂಟೆಗಳನ್ನು ಕೂಡಿಸುತ್ತ ಹೋಗುವುದು ನೀರು ಬೆರೆಸಿ ಹಾಲು ಹೆಚ್ಚಿಸಿದಂತೆ.

ಭಾರತೀಯರು ಕಡಿಮೆ ದುಡಿಯುತ್ತಾರೆ ಎಂಬ ನಂಬಿಕೆಗೆ ಆಧಾರವೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂಕಿ–ಅಂಶದ ಪ್ರಕಾರ ನಮ್ಮ ದುಡಿಯುವ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವಾರಕ್ಕೆ 49 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುತ್ತಾರೆ. ಇಲ್ಲಿ ಎಡಪಕ್ಷದ ಗೆಳೆಯರು ಎತ್ತುವ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಬದುಕಿನ ಅರ್ಥ ಹುಡುಕುವುದು ಹೊಟ್ಟೆ ತುಂಬಿದವರ ಚಿಂತೆ, ಊಟದ ಪೊಟ್ಟಣ ಹೊತ್ತು ಮಳೆಯಲ್ಲಿ ಬೈಕ್ ಓಡಿಸುವ ಹುಡುಗನಿಗೆ ಬೇಕಿರುವುದು ಕೂಲಿ ಎನ್ನುತ್ತಾರೆ ಅವರು. ಕೂಲಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿಕಾಳು ಆಯುವವನಿಗೆ ಅನುಭಾವದ ಹಕ್ಕಿದೆ ಎಂದು 12ನೇ ಶತಮಾನದಲ್ಲೇ ಒಪ್ಪಿಕೊಂಡ ನಾಡು ಇದು. ಡೆಲಿವರಿ ಹುಡುಗನಿಗೆ ಹೊಟ್ಟೆ ಮಾತ್ರ ಇದೆ, ಆತ್ಮದ ತಳಮಳ ಇಲ್ಲ ಎಂದುಕೊಳ್ಳುವುದು ಅವನಿಗೆ ಮಾಡುವ ಅವಮಾನ. ದಿನಕ್ಕೆ ಹದಿನಾಲ್ಕು ಗಂಟೆ ಓಡದೆಯೂ ಮನೆ ನಡೆಯುವಷ್ಟು ಕೂಲಿ ಸಿಗಬೇಕು ಎಂಬುದು ಇದೇ ಹೋರಾಟದ ಭಾಗ.

ಕೆಲಸವೇ ಬದುಕಾದವರು ಇಲ್ಲವೇ ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ಇದ್ದಾರೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ರಿಯಾಜನ್ನು ಯಾರೂ ಗಂಟೆಯಲ್ಲಿ ಅಳೆಯಲಾರರು. ಪ್ರಯೋಗಾಲಯದಲ್ಲಿ ರಾತ್ರಿ ಕಳೆಯುವ ವಿಜ್ಞಾನಿ, ಹೊಲ ಬಿಟ್ಟು ಬಾರದ ರೈತ, ಹಸ್ತಪ್ರತಿಗಳ ನಡುವೆ ಮುಳುಗಿದ ಸಂಶೋಧಕ ಇವರನ್ನೆಲ್ಲ ವಾರದ ಕಾನೂನು ಮಿತಿಯಾದ 48 ಗಂಟೆಗೆ ನಿಲ್ಲಿ ಎಂದು ತಡೆಯುವುದು ಯಾರ ಉದ್ದೇಶವೂ ಅಲ್ಲ. ಆದರೆ ಇವರಿಗೆ ಆ ದುಡಿಮೆ ಒಳಗಿನಿಂದ ಬಂದದ್ದು, ಆಫರ್ ಲೆಟರಿನಿಂದ ಬಂದದ್ದಲ್ಲ. ಒಬ್ಬರ ಒಲವನ್ನು ತೋರಿಸಿ ಲಕ್ಷಾಂತರ ಜನರಿಗೆ ನಿಯಮ ಮಾಡುವುದು ಒಲವಿಗೂ ಅಪಚಾರ. ತನಗೆ ಒಲಿಯುವ ಕೆಲಸ ಯಾವುದೆಂದು ಮನ್ಸೂರರಿಗೆ ಗೊತ್ತಿತ್ತು. ಅದು ಇನ್ನೂ ಗೊತ್ತಾಗದ ಇಪ್ಪತ್ತೆರಡರ ಪದವೀಧರನಿಗೆ ಮೊದಲು ಬೇಕಾದದ್ದು ಬಿಡುವು.

ದಣಿದವರಿಗಾಗಿ ಈಗ ಇನ್ನೊಂದು ವ್ಯಾಪಾರ ಹುಟ್ಟಿಕೊಂಡಿದೆ. ವಾರಾಂತ್ಯದ ಮೌನ ಶಿಬಿರ, ಧ್ಯಾನದ ಆ್ಯಪ್, ಆಫೀಸಿನಲ್ಲೇ ಮಧ್ಯಾಹ್ನದ ಅರ್ಧ ಗಂಟೆ ಪ್ರಾಣಾಯಾಮ. ಧ್ಯಾನದಲ್ಲಿ ತಪ್ಪೇನಿಲ್ಲ, ಅದರಿಂದ ನೆಮ್ಮದಿ ಕಂಡವರೂ ಬಹಳ. ಆದರೆ ಸೋಮವಾರ ಮತ್ತದೇ ಹನ್ನೆರಡು ಗಂಟೆಗೆ ಸಜ್ಜುಗೊಳಿಸಲು ಮಾತ್ರ ಬಳಕೆಯಾಗುವ ಧ್ಯಾನ ಸಾಧನೆಯಾಗಿ ಉಳಿಯುವುದಿಲ್ಲ, ದುರಸ್ತಿಯಾಗುತ್ತದೆ. ದೇಹ ಎಷ್ಟು ದುರಸ್ತಿಗೆ ಬಗ್ಗುತ್ತದೆ ಎಂಬುದಕ್ಕೂ ಮಿತಿ ಇದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ, 35–40 ಗಂಟೆ ದುಡಿಯುವವರಿಗಿಂತ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ.

ಈಗ ಸರ್ಕಾರದ ಕಡೆಗೆ ಬರೋಣ. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಆರು ತಿಂಗಳ ಮೇಲೆ ಅದೇ ಸರ್ಕಾರದ ಮುಂದೆ ಐಟಿ ನೌಕರರಿಂದ ದಿನಕ್ಕೆ 14 ಗಂಟೆವರೆಗೂ ದುಡಿಸಲು ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾವ ಬಂತು. ನೌಕರರ ಸಂಘ ಬೀದಿಗಿಳಿದ ಮೇಲೆ ಅದು ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ಇನ್ನೊಂದು ಪ್ರಸ್ತಾವ: ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ. ಇದು ಒಂದು ಪಕ್ಷದ ಕೆಲಸವಲ್ಲ. ಇದಕ್ಕೂ ಮುಂಚೆ, 2023ರಲ್ಲಿ, ಹಿಂದಿನ ಸರ್ಕಾರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳ ಓವರ್‌ಟೈಮನ್ನು 75ರಿಂದ 145 ಗಂಟೆಗೆ ಏರಿಸಿತ್ತು. ಕಚೇರಿಯ ಗೋಡೆಗೆ ಬಸವಣ್ಣನವರ ಭಾವಚಿತ್ರ ಹಾಕಿ, ಅದೇ ಗೋಡೆಯ ಕೆಳಗೆ ಕೂತು ಇಂಥ ಕಡತಕ್ಕೆ ಸಹಿ ಮಾಡಬಾರದು.

ಆಂಧ್ರ, ತೆಲಂಗಾಣ 2025ರಲ್ಲಿ ದಿನದ ಮಿತಿಯನ್ನು 10 ಗಂಟೆಗೆ ಏರಿಸಿವೆ, ನಾವು ಸುಮ್ಮನಿದ್ದರೆ ಕಂಪನಿಗಳು ಹೈದರಾಬಾದಿಗೆ ಹೋಗುತ್ತವೆ ಎಂಬ ಹೆದರಿಕೆ ವಿಧಾನಸೌಧದಲ್ಲಿ ಇದ್ದೇ ಇದೆ. ಕಂಪನಿಗಳು ಬೆಂಗಳೂರಿಗೆ ಬಂದದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ, ಎಚ್‌ಎಎಲ್, ಬಿಇಎಲ್, ಎಂಜಿನಿಯರಿಂಗ್ ಕಾಲೇಜುಗಳು ದಶಕಗಳ ಕಾಲ ಬೆಳೆಸಿದ ಜನರಿಗಾಗಿ. ಆ ಜನರನ್ನು ಬೇಗ ಸುಟ್ಟು ಮುಗಿಸುವ ಪೈಪೋಟಿಯಲ್ಲಿ ಗೆದ್ದರೂ ಸೋತಂತೆಯೇ. ಆದ್ದರಿಂದ ಕಾರ್ಮಿಕ ಇಲಾಖೆ 2025ರ ಪ್ರಸ್ತಾವವನ್ನು ಬರಹದಲ್ಲೇ ಕೈಬಿಡಬೇಕು. ನೌಕರಿಯ ಷರತ್ತುಗಳನ್ನು ನಿಗದಿ ಮಾಡುವ ಸ್ಥಾಯೀ ಆದೇಶಗಳಿಂದ (ಸ್ಟ್ಯಾಂಡಿಂಗ್ ಆರ್ಡರ್ಸ್) ಐಟಿ ಕಂಪನಿಗಳಿಗೆ ವರ್ಷಗಳಿಂದ ಕೊಡುತ್ತ ಬಂದ ವಿನಾಯಿತಿಯನ್ನು ತೆಗೆಯಬೇಕು. ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆ, ಸಂದೇಶಗಳಿಗೆ ಉತ್ತರಿಸದಿರುವುದನ್ನು ನೌಕರನ ಹಕ್ಕೆಂದು ಕಾನೂನಿನಲ್ಲಿ ಬರೆಯಬೇಕು. ನೌಕರರು ಲಾಗಿನ್, ಲಾಗೌಟ್ ಆದ ಸಮಯದ ದಾಖಲೆ ಕಂಪನಿಗಳ ಸರ್ವರ್‌ನಲ್ಲಿ ಈಗಾಗಲೇ ಇದೆ. ತಪಾಸಣೆಗೆ ಹೋಗುವ ಕಾರ್ಮಿಕ ನಿರೀಕ್ಷಕರು ಮೊದಲು ಅದನ್ನು ಕೇಳಿ ಪಡೆಯಲಿ.