ಚಿಪ್ ವಿನ್ಯಾಸಕ್ಕೆ ಕಲಬುರಗಿ ದೂರವೇ?

ಚಿಪ್ ಕಾರ್ಖಾನೆ ಯಾವ ರಾಜ್ಯಕ್ಕೆ ಹೋಗಬೇಕು ಎನ್ನುವುದು ಈಗ ರಾಜಕೀಯದ ಜಗಳ. ತೈವಾನ್‌ನ ಪಿಎಸ್‌ಎಂಸಿ ಜೊತೆ ಸೇರಿ ಟಾಟಾ ಎಲೆಕ್ಟ್ರಾನಿಕ್ಸ್ 91 ಸಾವಿರ ಕೋಟಿ ರೂಪಾಯಿಯ ಫ್ಯಾಬ್ ಕಟ್ಟಲು ಆರಿಸಿಕೊಂಡದ್ದು ಗುಜರಾತಿನ ಧೊಲೇರಾವನ್ನು. ಮೈಕ್ರಾನ್ ಘಟಕ ಸಾನಂದ್‌ಗೆ ಹೋಯಿತು, ಟಾಟಾದ ಪ್ಯಾಕೇಜಿಂಗ್ ಘಟಕ ಅಸ್ಸಾಮಿನ ಜಾಗಿರೋಡ್‌ಗೆ. ಕರ್ನಾಟಕಕ್ಕೆ ಬರಬೇಕಿದ್ದ ಹೂಡಿಕೆಯನ್ನು ಅತ್ತ ತಿರುಗಿಸಲಾಗುತ್ತಿದೆ ಎಂದು ನಮ್ಮದೇ ಜಿಲ್ಲೆಯ ಚಿತ್ತಾಪುರದ ಶಾಸಕ, ಸಚಿವ ಪ್ರಿಯಾಂಕ್ ಖರ್ಗೆ 2025ರಲ್ಲಿ ಆಕ್ಷೇಪ ಎತ್ತಿದರು. ಅಸ್ಸಾಂ ಮುಖ್ಯಮಂತ್ರಿ ತಿರುಗೇಟು ಕೊಟ್ಟರು. ಕಮಲಾಪುರಕ್ಕೆ ಹೋದರೆ ನಮ್ಮ ಕಾಕಾ ಸಹ ಕೇಳುತ್ತಾರೆ: ‘ಚಿಪ್ಪಿನ ಫ್ಯಾಕ್ಟರಿ ನಮ್ ಕಡಿ ಯಾವಾಗ ಬರ್ತದೋ ತಮ್ಮಾ?’

ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನಗೆ ಬೇರೆಯದೇ ಪ್ರಶ್ನೆ ಕಾಡುತ್ತದೆ. ಫ್ಯಾಬ್‌ಗೆ ಸಾವಿರಾರು ಕೋಟಿ ಹಣ, ಒಂದು ಕ್ಷಣವೂ ಕೈಕೊಡದ ವಿದ್ಯುತ್, ಅತಿಶುದ್ಧ ನೀರು ಬೇಕು. ಚಿಪ್‌ನ ವಿನ್ಯಾಸ ಕಲಿಯಲು ಬೇಕಿರುವುದು ಕಂಪ್ಯೂಟರು, ಸಾಫ್ಟ್‌ವೇರು ಮತ್ತು ಕಲಿಸುವವರು. ಮೊದಲನೆಯದು ಬರಲಿಲ್ಲ ಎಂದು ಕೊರಗುತ್ತ, ಎರಡನೆಯದನ್ನು ನಾವು ಕೈಬಿಡುತ್ತಿದ್ದೇವೆಯೇ?

ಒಂದು ಸಣ್ಣ ಸರ್ಕ್ಯೂಟನ್ನೇ ತೆಗೆದುಕೊಳ್ಳೋಣ. ಅದು ಡಿಕೋಡರ್. ಮೆಮೊರಿ ಚಿಪ್‌ನಲ್ಲಿ ಯಾವ ಸಾಲನ್ನು ಓದಬೇಕು ಎಂದು ಆರಿಸಿಕೊಡುವುದು ಇದರ ಕೆಲಸ. ಹತ್ತು ವಿಳಾಸ ತಂತಿಗಳಿದ್ದರೆ 1,024 ಸಾಲುಗಳಲ್ಲಿ ಒಂದನ್ನು ಮಾತ್ರ ಅದು ಎಬ್ಬಿಸುತ್ತದೆ. ಪ್ರತಿ ಸಲ ಓದುವಾಗಲೂ ಬರೆಯುವಾಗಲೂ ಮೊದಲು ಇದನ್ನು ದಾಟಲೇಬೇಕು. ಇದು ನಿಧಾನವಾದರೆ ಇಡೀ ಮೆಮೊರಿ ನಿಧಾನ. ಇದು ದೊಡ್ಡದಾದರೆ ಚಿಪ್‌ನಲ್ಲಿ ಜಾಗವೂ ವಿದ್ಯುತ್ತೂ ವ್ಯರ್ಥ.

ನಾಲ್ಕು ಇನ್‌ಪುಟ್, ಹದಿನಾರು ಔಟ್‌ಪುಟ್‌ನ ಡಿಕೋಡರನ್ನು ನೇರವಾಗಿ ಕಟ್ಟಿದರೆ ನಾಲ್ಕು ಇನ್‌ಪುಟ್‌ನ 16 ಗೇಟುಗಳು ಬೇಕು. ಸಿಮಾಸ್ ವಿಧಾನದಲ್ಲಿ ಒಂದೊಂದಕ್ಕೆ 8 ಟ್ರಾನ್ಸಿಸ್ಟರ್. ನಾಲ್ಕು ಇನ್ವರ್ಟರ್‌ಗಳಿಗೆ ಇನ್ನೂ 8. ಒಟ್ಟು 136. ಜೊತೆಗೆ ಪ್ರತಿ ಗೇಟಿನಲ್ಲೂ ನಾಲ್ಕು ಟ್ರಾನ್ಸಿಸ್ಟರ್ ಸರಣಿಯಾಗಿ ನಿಲ್ಲುವುದರಿಂದ ವೇಗವೂ ಕಡಿಮೆ.

ಇದಕ್ಕೆ ಪರಿಹಾರ ನಮ್ಮ ಅಂಚೆ ಇಲಾಖೆಯ ಪಿನ್‌ಕೋಡ್‌ನಂತೆಯೇ ಇದೆ. 1972ರಲ್ಲಿ ಬಂದ ಪಿನ್‌ಕೋಡ್‌ನ ಆರೂ ಅಂಕಿಗಳನ್ನು ಎಲ್ಲ ಅಂಚೆ ಕಚೇರಿಗಳೂ ಓದುತ್ತ ಕೂರುವುದಿಲ್ಲ. ಮೊದಲ 5 ನೋಡಿದರೆ ಪತ್ರ ದಕ್ಷಿಣದತ್ತ ಹೊರಡುತ್ತದೆ, 585 ನೋಡಿದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಗೆ. ಕೊನೆಯ ಮೂರು ಅಂಕಿ ನೋಡುವುದು ಇಲ್ಲಿಗೆ ಬಂದ ಮೇಲೆ. ಡಿಕೋಡರ್‌ನಲ್ಲೂ ನಾಲ್ಕು ಇನ್‌ಪುಟ್‌ಗಳನ್ನು ಎರಡೆರಡಾಗಿ ಮೊದಲೇ ವಿಂಗಡಿಸಿದರೆ 20 ಟ್ರಾನ್ಸಿಸ್ಟರ್‌ನ ಎರಡು ಸಣ್ಣ ಡಿಕೋಡರ್, ಅವುಗಳ ಮುಂದೆ ಎರಡು ಇನ್‌ಪುಟ್‌ನ 16 ಗೇಟು ಸಾಕು. ಲೆಕ್ಕ 104ಕ್ಕೆ ಇಳಿಯುತ್ತದೆ, ವೇಗವೂ ಹೆಚ್ಚುತ್ತದೆ.

ಗ್ರೀಸ್‌ನ ಥೆಸಲೋನಿಕಿಯ ಅರಿಸ್ಟಾಟಲ್ ವಿಶ್ವವಿದ್ಯಾಲಯದ ಬಲೋಬಸ್ ಮತ್ತು ಕೊನೊಫಾವೊಸ್ 2017ರಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಣ್ಣ ಡಿಕೋಡರ್‌ನ ಗೇಟುಗಳನ್ನು ಪಾಸ್ ಟ್ರಾನ್ಸಿಸ್ಟರ್ ಮತ್ತು ಟ್ರಾನ್ಸ್‌ಮಿಷನ್ ಗೇಟ್ ಬಳಸಿ ಮೂರು ಮೂರು ಟ್ರಾನ್ಸಿಸ್ಟರ್‌ನಲ್ಲೇ ಕಟ್ಟಿದರು. ಜಾಣತನದಿಂದ ಒಂದು ಇನ್ವರ್ಟರನ್ನೂ ಉಳಿಸಿದರು. 20 ಇದ್ದದ್ದು 14 ಆಯಿತು, ದೊಡ್ಡ ಡಿಕೋಡರ್ 92ಕ್ಕೆ ಬಂತು. ಇಂಥ ಗೇಟುಗಳಲ್ಲಿ ಸಂಕೇತ ಸೊರಗುತ್ತ ಹೋಗುವ ತೊಂದರೆ ಇದೆ. ಆದ್ದರಿಂದ ಕೊನೆಯ ಹಂತದಲ್ಲಿ ಗಟ್ಟಿಯಾದ ಸಿಮಾಸ್ ಗೇಟುಗಳನ್ನೇ ಉಳಿಸಿಕೊಂಡರು.

ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ ಫಲಿತಾಂಶಗಳು ಯಾವ ಫ್ಯಾಬ್‌ನಿಂದಲೂ ಬಂದವಲ್ಲ. 32 ನ್ಯಾನೊಮೀಟರ್ ಟ್ರಾನ್ಸಿಸ್ಟರ್‌ಗಳ ಗಣಿತ ಮಾದರಿ ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ನಡೆಸಿದ ಸ್ಪೈಸ್ ಸಿಮ್ಯುಲೇಶನ್ ಅದು. ಅಂಥ ಮಾದರಿಗಳೂ ಎನ್‌ಜಿಸ್ಪೈಸ್ ಎಂಬ ಸಾಫ್ಟ್‌ವೇರೂ ಉಚಿತವಾಗಿ ಸಿಗುತ್ತವೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಇಂಥ ಡಿಕೋಡರ್ ಓಡುತ್ತದೆ. ಥೆಸಲೋನಿಕಿಯಲ್ಲಿ ಆಗುವುದು ಕಲಬುರಗಿಯಲ್ಲಿ ಆಗದಿರಲು ಕಾರಣವೇ ಇಲ್ಲ.

ಆದರೆ ತರಗತಿಯಲ್ಲಿ ನಡೆಯುವುದೇನು? ಡಿಕೋಡರ್ ಎಂದರೆ ಟ್ರುತ್ ಟೇಬಲ್ ಬರೆ, ಟ್ರೇನರ್ ಕಿಟ್ ಮೇಲೆ 74138 ಐಸಿ ಕೂರಿಸು, ಎಲ್‌ಇಡಿ ಹೊತ್ತಿತೇ ನೋಡು, ರೆಕಾರ್ಡ್‌ಗೆ ಸಹಿ ಹಾಕಿಸು. ಎಷ್ಟು ಟ್ರಾನ್ಸಿಸ್ಟರ್, ಎಷ್ಟು ವಿಳಂಬ, ಎಷ್ಟು ವಿದ್ಯುತ್ ಎಂದು ಯಾರೂ ಕೇಳುವುದಿಲ್ಲ. ಈ ಕಲಿಕೆಗಾಗಿ ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ತರಬೇತಿ ಕೇಂದ್ರಗಳಿಗೆ ಮತ್ತೆ ಶುಲ್ಕ ಕಟ್ಟಬೇಕು. ಜೊತೆಗೆ ಪಿ.ಜಿ. ಬಾಡಿಗೆ. ಒಕ್ಕಲುತನದ ಮನೆಯ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ಹುಡುಗಿಯರಿಗೆ, ದಾರಿ ಮುಚ್ಚುವುದು ಅಲ್ಲೇ.

‘ಈಗ ವೆರಿಲಾಗ್ ಬರೆದರೆ ಸಾಫ್ಟ್‌ವೇರೇ ಗೇಟು ಜೋಡಿಸುತ್ತದೆ, ಕೈಯಲ್ಲಿ ಟ್ರಾನ್ಸಿಸ್ಟರ್ ಎಣಿಸುವುದೇಕೆ?’ ಎಂದು ಗೆಳೆಯರು ವಾದಿಸುತ್ತಾರೆ. ಬಹುಪಾಲು ಕೆಲಸದ ಮಟ್ಟಿಗೆ ಅದು ನಿಜ. ಆದರೆ ಮೆಮೊರಿಯ ಡಿಕೋಡರ್‌ಗಳನ್ನು ಈಗಲೂ ಎಂಜಿನಿಯರ್‌ಗಳು ಟ್ರಾನ್ಸಿಸ್ಟರ್ ಮಟ್ಟದಲ್ಲಿ ತಿದ್ದುತ್ತಾರೆ. ಮೇಲಾಗಿ, ಸಾಫ್ಟ್‌ವೇರ್ ಕೊಟ್ಟ ಉತ್ತರ ಸರಿಯೋ ತಪ್ಪೋ ತಿಳಿಯಲು ಒಮ್ಮೆಯಾದರೂ ಕೈಯಿಂದ ಲೆಕ್ಕ ಹಾಕಿರಬೇಕು.

ಯೋಜನೆಗಳಿಗೆ ಕೊರತೆಯಿಲ್ಲ. ಕೇಂದ್ರ 2021ರ ಡಿಸೆಂಬರ್‌ನಲ್ಲಿ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ 76 ಸಾವಿರ ಕೋಟಿ ರೂಪಾಯಿ ಒಪ್ಪಿತು. ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆಯ ಗುರಿ 85 ಸಾವಿರ ಮಂದಿಗೆ ತರಬೇತಿ. ದುಬಾರಿ ವಿನ್ಯಾಸ ಸಾಫ್ಟ್‌ವೇರನ್ನು ಕಾಲೇಜುಗಳಿಗೆ ಒದಗಿಸುವ ಚಿಪ್‌ಇನ್ ಕೇಂದ್ರ ಬೆಂಗಳೂರಿನ ಸಿ–ಡಾಕ್‌ನಲ್ಲೇ ಇದೆ. 371(ಜೆ) ನಮಗೆ ಸೀಟು ಕೊಟ್ಟಿದೆ, ಸರ್ಕಾರಿ ಕೆಲಸದಲ್ಲಿ ಪಾಲು ಕೊಟ್ಟಿದೆ. ಖಾಸಗಿ ಚಿಪ್ ಕಂಪನಿಯ ಸಂದರ್ಶನದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ‘ನೀನೇನು ಮಾಡಿದ್ದೀಯ ತೋರಿಸು’ ಎನ್ನುತ್ತಾರೆ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಕಲಬುರಗಿಯ ವಿಟಿಯು ಪ್ರಾದೇಶಿಕ ಕೇಂದ್ರದಲ್ಲಿ ಈ ಭಾಗದ ಎಲ್ಲ ಕಾಲೇಜುಗಳೂ ಬಳಸುವ ಒಂದು ವಿನ್ಯಾಸ ಪ್ರಯೋಗಾಲಯ ಬೇಕು. ಅಧ್ಯಾಪಕರ ತರಬೇತಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಸ್ವಲ್ಪ ಹಣ ತೆಗೆದಿಡಲಿ. ಪ್ರತಿ ವಿದ್ಯಾರ್ಥಿಯೂ ಡಿಗ್ರಿ ಮುಗಿಸುವುದರೊಳಗೆ ಒಂದು ಸಣ್ಣ ಸರ್ಕ್ಯೂಟನ್ನಾದರೂ ಟ್ರಾನ್ಸಿಸ್ಟರ್‌ನಿಂದ ಲೇಔಟ್‌ವರೆಗೆ ಪೂರ್ತಿ ಮಾಡಲಿ. ಸ್ಕೈವಾಟರ್ ಕಂಪನಿಯ 130 ನ್ಯಾನೊಮೀಟರ್ ವಿನ್ಯಾಸ ಕಿಟ್ 2020ರಿಂದಲೇ ಮುಕ್ತವಾಗಿ ಸಿಗುತ್ತಿದೆ.

ಫ್ಯಾಬ್ ಬಂದರೆ ಸಂತೋಷವೇ. ಆದರೆ ವಿನ್ಯಾಸ ಗೊತ್ತಿಲ್ಲದ ಊರಿಗೆ ಫ್ಯಾಬ್ ಬಂದರೂ ಒಳಗಿನ ಕುರ್ಚಿಗಳು ಬೇರೆಯವರ ಪಾಲಾಗುತ್ತವೆ. ನಮ್ಮ ಬ್ಯಾಚ್‌ಗೆ ಉಳಿದಿರುವುದು ಕೆಲವೇ ಸೆಮಿಸ್ಟರ್. ಪ್ರಯೋಗಾಲಯ ಬರುವುದು ತಡವಾದರೆ ನಾವು ಬಸ್ ಹತ್ತಿ ಹೋಗುತ್ತೇವೆ. ನಮ್ಮ ಹಿಂದೆ ಬರುವವರಿಗಾದರೂ ಕಲಿಯಲೆಂದೇ ಊರು ಬಿಡುವ ಪಾಡು ಬರದಿರಲಿ.